ನಾಲ್ಕನೇ ವೀಲಿನ ಸದ್ದು

ನಮ್ಮ ಯಜಮಾನರನ್ನು ಬೀದಿಯವರೆಲ್ಲ ಟಿಂಗಣ್ಣ ಎಂದೇ ಕರೆಯುವುದು. ಹುಟ್ಟಿದಾಗ ಇಟ್ಟ ಹೆಸರು ನನಗೇ ಒಮ್ಮೊಮ್ಮೆ ಥಟ್ಟನೆ ನೆನಪಾಗುವುದಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಾರಿನ ಅಲಾಯ್ ವೀಲುಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಹೊಸದು ಕೊಳ್ಳಲು ಕೈ ಸಾಗದವರು, ಫುಟ್‌ಪಾತಿಗೆ ಉಜ್ಜಿ ಅಂಚು ಕೆತ್ತಿಸಿಕೊಂಡವರು ಹುಡುಕಿಕೊಂಡು ಬರುತ್ತಾರೆ. ಕೆತ್ತಿದ ಜಾಗಕ್ಕೆ ಪುಟ್ಟಿ ಮೆತ್ತಿ, ಎಮರಿ ಪೇಪರಿನಲ್ಲಿ ತಿಕ್ಕಿ, ಟೈರಿಗೂ ವೀಲಿಗೂ ನಡುವೆ ಹಳೆಯ ಇಸ್ಪೀಟ್ ಎಲೆಗಳನ್ನು ಸುತ್ತಲೂ ಸಿಕ್ಕಿಸಿ ಇವರು ಸ್ಪ್ರೇ ಡಬ್ಬಿ ಹಿಡಿದರೆ ಸಂಜೆಗೆ ಹೊಸ ವೀಲು. ಟೈರಿಗೆ ಒಂದು ಹನಿ ತಾಗಿರುವುದಿಲ್ಲ. ಮನೆಯ ಗೋಡೆಗೆ ಸುಣ್ಣ ಬಳಿಯಿರಿ ಎಂದರೆ ಮಾತ್ರ ಸೊಂಟ ನೋವು ಬಂದುಬಿಡುತ್ತದೆ.

ಬಣ್ಣಕ್ಕೆ ಮೊದಲು ಒಂದು ಶಾಸ್ತ್ರವಿದೆ. ಪುಟ್ಟ ಸುತ್ತಿಗೆಯಿಂದ ವೀಲನ್ನು ಮೂರು ಸಲ ಬಡಿದು, ಒಂದು ಉಸಿರು ನಿಂತು, ಇನ್ನೊಂದು ಸಲ ಬಡಿಯಬೇಕು. ಗಟ್ಟಿ ವೀಲು ಟಿಂಗ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಥಪ್. ಇದು ನಮ್ಮ ಮಾವನವರು ಕಲಿಸಿದ್ದು, ಸುತ್ತಿಗೆಯೂ ಅವರದೇ. "ಥಪ್ ಅಂದಿದ್ದು ಸತ್ತಿದೆ ಅಂತ ತಿಳ್ಕೋ, ಬಣ್ಣ ಹಚ್ಚಬೇಡ" ಎನ್ನುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು.

ಈಚೆಗೆ ಮಗಳು ಒಂದು ಹಳೇ ಕಾರು ಕೊಂಡಳು. ಕೆಲಸ ಬೆಟ್ಟದಾಚೆಯ ಊರಲ್ಲಿ. ಸೋಮವಾರ ಬೆಳಿಗ್ಗೆ ಕೂಸನ್ನು ಹಿಂದಿನ ಸೀಟಿನಲ್ಲಿ ಕಟ್ಟಿಕೊಂಡು ಅಂಕುಡೊಂಕು ರಸ್ತೆ ಇಳಿಯಬೇಕು. ಕಾರಿನ ಒಂದು ವೀಲು ಗುಂಡಿಗೆ ಬಿದ್ದು ಸೊಟ್ಟಗಾಗಿತ್ತು, ಉಳಿದ ಮೂರು ಕೆತ್ತಿಹೋಗಿದ್ದವು. "ನಾನಿರುವಾಗ ಹೊಸದ್ಯಾಕಮ್ಮ?" ಎಂದು ಇವರು ಗುಜರಿಯಿಂದ ಅದೇ ಮಾದರಿಯ ವೀಲೊಂದನ್ನು ಅಗ್ಗಕ್ಕೆ ಹಿಡಿದು ತಂದರು. ನಾಲ್ಕನ್ನೂ ಬಡಿದು, "ಎಲ್ಲ ಗಟ್ಟಿ" ಎಂದು ಬಣ್ಣಕ್ಕೆ ಕೂತರು.

ಮೂರು ವೀಲು ಹೊಳೆದವು. ಗುಜರಿಯದ್ದು ಹಟ ಹಿಡಿಯಿತು. ರಾತ್ರಿ ಬಣ್ಣ ಹೊಡೆದರೆ ಬೆಳಿಗ್ಗೆ ಬೋಲ್ಟಿನ ತೂತಿನ ಪಕ್ಕ ಕೂದಲೆಳೆಯಷ್ಟು ಗೆರೆ ಎದ್ದಿರುತ್ತಿತ್ತು. "ಎಣ್ಣೆ ಪಸೆ ಉಳಿದಿರಬೇಕು" ಎಂದು ತಿಕ್ಕಿ ಮತ್ತೆ ಹೊಡೆದರು. ಮಾರನೆಯ ದಿನ ಅದೇ ಜಾಗದಲ್ಲಿ ಅದೇ ಗೆರೆ, ಬೆರಳಿಟ್ಟರೆ ಒದ್ದೆ. ನನಗೆ ಯಾಕೋ ಹೇಸಿಗೆಯಾಯಿತು. "ಇದೇನೋ ಬೆವರ್ತಾ ಇದೆ, ಎಸೀರಿ ಅತ್ಲಾಗೆ" ಎಂದೆ. ನನ್ನ ಮಾತು ಅವರು ಯಾವತ್ತು ಕೇಳಿದ್ದಾರೆ? ಭಾನುವಾರ ಬೆಳಿಗ್ಗೆ ಇನ್ನೊಂದು ಕೈ ಬಣ್ಣ ಹೊಡೆದು ಶೆಡ್ಡಿಗೆ ಚಿಲಕ ಹಾಕಿದರು.

ಆ ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದೆ. ಶೆಡ್ಡಿನಲ್ಲಿ ಸುತ್ತಿಗೆ ಸದ್ದು. ಟಿಂಗ್, ಟಿಂಗ್, ಟಿಂಗ್, ಆಮೇಲೆ ಟಿಂಗ್. ಮುಂದಿನ ವೀಲಿಗೆ ಹೋಯಿತು, ಅದರ ಮುಂದಿನದಕ್ಕೂ. ನನಗೆ ರೇಗಿತು. ಕಿಟಕಿಯಿಂದ ಕೂಗಿದೆ: "ಊಟಕ್ಕೆ ಬರ್ತೀರೋ, ಇಲ್ಲ ಆ ವೀಲನ್ನೇ ತಿಂತೀರೋ?"

"ಯಾರನ್ನ ಬೈತಿದ್ದೀಯೇ?"

ಬೆನ್ನ ಹಿಂದೆ, ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಅವರು ನಿಂತಿದ್ದರು. ನನ್ನ ಕೈಯ ತಟ್ಟೆ ಜಾರಿತು. ಶೆಡ್ಡಿನಲ್ಲಿ ಸದ್ದು ನಿಂತಿರಲಿಲ್ಲ. ನಾಲ್ಕನೆಯದಕ್ಕೆ ಬಂತು. ಥಪ್. ಥಪ್. ಥಪ್. ಒಂದು ಉಸಿರು. ಥಪ್.

"ಕೇಳಿಸ್ತಾ ಇದೆಯೇನ್ರೀ?"

"ಏನು?"

ತಮಾಷೆಯಲ್ಲ. ಅವರ ಮುಖದಲ್ಲಿ ಏನೂ ಇರಲಿಲ್ಲ.

ಅವರ ಕೈ ಹಿಡಿದು ಎಳೆದುಕೊಂಡೇ ಹೋದೆ. ಚಿಲಕ ಹಾಕಿದಂತೆಯೇ ಇತ್ತು. ಒಳಗೆ ಯಾರೂ ಇಲ್ಲ. ಸುತ್ತಿಗೆ ಅದರ ಮೊಳೆಯಲ್ಲೇ ನೇತಾಡುತ್ತಿತ್ತು, ಆದರೆ ಅದರ ಮುಖಕ್ಕೆ ಹಸಿ ಬೆಳ್ಳಿಬಣ್ಣ ಮೆತ್ತಿತ್ತು. ನಾಲ್ಕನೇ ವೀಲಿನ ಒಣಗದ ಬಣ್ಣದ ಮೇಲೆ, ಆ ಗೆರೆ ಏಳುವ ಜಾಗದಲ್ಲೇ, ನಾಲ್ಕು ಪೆಟ್ಟಿನ ಗುರುತು.

ಮಾವನವರ ಲೆಕ್ಕ ಅದು. ಅದಕ್ಕಿಂತ ಹೆಚ್ಚಾಗಿ ಹೆದರಿಸಿದ್ದು ಇವರ ಆ "ಏನು?" ಎಂಬ ಮಾತು. ನನ್ನ ಗಂಟಲೋ ಬೀದಿಯ ತುದಿಗೆ ಕೇಳುವಂಥದ್ದು, ಮನೆಯಲ್ಲಿ ಟೀವಿಯೂ ಹಾಗೇ ಅರಚುತ್ತದೆ. ಇವರ ಕಿವಿ ಕೈಕೊಟ್ಟಿದ್ದರೆ ನನಗೆ ಗೊತ್ತಾಗುವುದಾದರೂ ಹೇಗೆ?

"ಆ ಕಡೆ ತಿರುಗಿ ನಿಲ್ಲಿ. ನಾನು ಬಡೀತೀನಿ. ಏನಂತು ಹೇಳಿ."

ತಿರುಗಿ ನಿಂತರು. ಸುತ್ತಿಗೆ ಎತ್ತಿ ವೀಲಿನ ಮೇಲೆ ಗಾಳಿಯಲ್ಲೇ ಹಿಡಿದೆ. ಬಡಿಯಲಿಲ್ಲ. "ಹೊಡೆದೆ ರೀ!" ಎಂದು ಕೂಗಿದೆ.

"ಟಿಂಗ್ ಅಂತು. ಗಟ್ಟಿಯಾಗಿದೆ" ಎಂದರು, ನಗುನಗುತ್ತಾ.

ನನಗೆ ಅಳು ಬಂತು. ಉಳಿಯನ್ನು ಅವರ ಕೈಗೆ ಕೊಟ್ಟು ಗೆರೆ ತೋರಿಸಿದೆ. ಬಣ್ಣ ಕೆರೆದರು, ಪುಟ್ಟಿ ಕೆರೆದರು. ಬೋಲ್ಟಿನ ತೂತಿನಿಂದ ವೀಲಿನ ಕಡ್ಡಿಯ ಅರ್ಧದವರೆಗೂ ಬಿರುಕು ಬಾಯಿ ಬಿಟ್ಟಿತ್ತು. ಹೊರಗೆ ಮಗಳು ಕೂಸಿಗೆ ಕಾರಿನ ಹಾರನ್ ಒತ್ತಿ ತೋರಿಸುತ್ತಿದ್ದಳು. ಇವರು ನೆಲದ ಮೇಲೆ ಕುಸಿದು ಕೂತರು.

"ಯಾವಾಗಿಂದ ಹೀಗೆ?" ಎಂದೆ.

"ಗೊತ್ತಿಲ್ಲ ಕಣೇ. ಸುತ್ತಿಗೆ ಎತ್ತಿದ್ರೆ ಸಾಕು, ಟಿಂಗ್ ಅಂತಿತ್ತು. ಬಡಿಯೋಕೆ ಮೊದಲೇ ಅಂತಿತ್ತು."

ಸೋಮವಾರ ಮಗಳು ಮೂರು ಹೊಳೆಯುವ ವೀಲು, ಒಂದು ಕರಿ ಸ್ಟೆಪ್ನಿ ಹಾಕಿಕೊಂಡು ಹೊರಟಳು. "ಅಪ್ಪಾ, ಕುಂಟುಕುದುರೆ ಥರ ಇದೆ" ಎಂದು ನಕ್ಕಳು. ಅಪ್ಪ ನಗಲಿಲ್ಲ. ಅವಳು ತಲುಪಿ ಫೋನ್ ಮಾಡಿದ ಮೇಲೆ ನನ್ನ ಜೀವ ಜಾಗಕ್ಕೆ ಬಂತು. ಒಡೆದ ವೀಲನ್ನು ಗುಜರಿಗೆ ಹಾಕಿಬಂದೆವು, ಶೆಡ್ಡು ಖಾಲಿಯಾಯಿತು.

ಮಧ್ಯಾಹ್ನ ಇಬ್ಬರೂ ಹೊಸ್ತಿಲಲ್ಲಿ ಕೂತಿದ್ದಾಗ ಮತ್ತೆ ಶುರುವಾಯಿತು. ಒಂದೂ ವೀಲಿಲ್ಲದ ಶೆಡ್ಡಿನಿಂದ ಟಿಂಗ್. ಟಿಂಗ್. ಥಪ್. ಟಿಂಗ್. ಥಪ್. ನಿಲ್ಲುವ ಲಕ್ಷಣವೇ ಇಲ್ಲ. ಎದುರಿಗೆ ಬೀದಿಯಲ್ಲಿ ಕಾರುಗಳು ಹೋಗುತ್ತಿದ್ದವು, ಇವರ ಕೈಯಲ್ಲಿ ಹೊಳಪು ಕಂಡ ವೀಲುಗಳು ಬಿಸಿಲಿಗೆ ಮಿಂಚುತ್ತಿದ್ದವು. ಆಗ ಹೊಳೆಯಿತು. ಒಳಗೆ ಎಣಿಸುತ್ತಿದ್ದುದು ಇವನ್ನೇ.

"ಏಳಿ, ಸುತ್ತಿಗೆ ತಗೊಳ್ಳಿ. ನೀವು ಬಡೀರಿ, ನಾನು ಕೇಳ್ತೀನಿ."

ಮೊದಲು ಸಿಕ್ಕಿದ್ದು ತಿರುವಿನಲ್ಲಿ ನಿಂತಿದ್ದ ಸ್ಕೂಲ್ ವ್ಯಾನ್, ಅದರ ವೀಲುಗಳಿಗೂ ಇವರದೇ ಬಣ್ಣ. ಮಕ್ಕಳು ಕಿಟಕಿಯಿಂದ ತಲೆ ಹಾಕಿ, "ಟಿಂಗಣ್ಣ! ಟಿಂಗಣ್ಣ!" ಎಂದು ಕೂಗಿದರು. ಇವರು ಬಡಿದರು, ನನ್ನ ಮುಖ ನೋಡಿದರು. ಒಂದು ಸರಿ. ಎರಡು ಸರಿ. ಮೂರೂ ಸರಿ. ನಾಲ್ಕನೆಯದನ್ನು ಬಡಿದು ನೋಡಿದಾಗ ನಾನು ತಲೆಯಾಡಿಸಲಿಲ್ಲ. ಡ್ರೈವರ್ ಕಡೆ ತಿರುಗಿದೆ.

"ಮಕ್ಕಳನ್ನ ಇಳಿಸಪ್ಪ" ಎಂದೆ.