ಮನೆಶಾಲೆಗೆ ಭತ್ಯೆ ಕೇಳಲು ಹೋದ ದಿನ

"ಮೇಡಂ, ಎಷ್ಟು ಜನ ಗೆಸ್ಟ್? ಎಲ್ಲರ ಹೆಸರೂ ರಿಜಿಸ್ಟರ್ ಮಾಡಿಸಿದ್ದೀರಾ?"

ನಮ್ಮ ಬಿಲ್ಡಿಂಗಿನ ವಾಚ್‌ಮನ್ ಹಿಂದಿಯಲ್ಲಿ ಹೀಗೆ ಕೇಳಿದಾಗ ನನಗೆ ತಲೆಬುಡ ಗೊತ್ತಾಗಲಿಲ್ಲ. ಅವನ ಕಣ್ಣು ನಮ್ಮ ಬಾಗಿಲ ಮುಂದಿದ್ದ ಹನ್ನೊಂದು ಜೊತೆ ಚಪ್ಪಲಿಗಳ ಮೇಲಿತ್ತು. ಫುಟ್‌ಬಾಲ್ ವರ್ಲ್ಡ್ ಕಪ್ ತಿಂಗಳು. ಪಂದ್ಯ ನೋಡಲು ಬಂದವರನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಮೊದಲೇ ಹೆಸರು ನೋಂದಾಯಿಸಬೇಕಿತ್ತು. ಕತಾರಿನ ಬಿನ್ ಮಹಮೂದ್ ಬಡಾವಣೆಯ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾನು ಒಂದು ಡಜನ್ ಅರ್ಜೆಂಟೀನಾದವರನ್ನು ಬಚ್ಚಿಟ್ಟಿದ್ದೇನೆ ಎಂದು ಅವನ ಗುಮಾನಿ.

ಬಾಗಿಲು ಪೂರ್ತಿ ತೆರೆದು ತೋರಿಸಿದೆ. ಒಳಗೆ ಹನ್ನೊಂದು ಮಕ್ಕಳು ಚಪಾತಿ ಹರಿದು ಹರಿದು ಭಿನ್ನರಾಶಿ ಕಲಿಯುತ್ತಿದ್ದರು.

ಪಂದ್ಯಗಳಿಗಾಗಿ ಕತಾರಿನ ಶಾಲೆಗಳಿಗೆಲ್ಲ ಸುಮಾರು ಒಂದು ತಿಂಗಳು ರಜೆ ಕೊಟ್ಟಿದ್ದರು. ಅಪ್ಪಂದಿರು ಆಫೀಸಿಗೆ, ಅಮ್ಮಂದಿರು ಕಂಗಾಲು. ಮೊದಲ ದಿನವೇ ಮೇಲಿನ ಮಹಡಿಯ ಝೊಹರಾ ತಮ್ಮ ಇಬ್ಬರು ಮಕ್ಕಳನ್ನೂ ಎಳೆದುಕೊಂಡು ಬಂದರು. ಪುತ್ತೂರಿನವರು. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಅವರ ಕನ್ನಡ ಪುತ್ತೂರಿನಲ್ಲೇ ಇದೆ.

"ನಿಮ್ಮಲ್ಲಿ ಹೇಗೂ ಶಾಲೆ ಉಂಟಲ್ಲ ಮೇಡಂ. ಇವರನ್ನೂ ಒಂದು ಮೂಲೆಯಲ್ಲಿ ಕೂರಿಸಿಕೊಳ್ಳಿ. ಇವರ ಬೊಬ್ಬೆ ತಡೆಯಲಿಕ್ಕೆ ಆಗುವುದಿಲ್ಲ."

ಇಬ್ಬರು ಇದ್ದವರು ವಾರದೊಳಗೆ ಹತ್ತು ಜನರಾದರು. ಫೀಸ್ ಇಲ್ಲ. ದಿನಕ್ಕೊಂದು ಮನೆಯಿಂದ ಪತ್ತಿರಿ ಎಂಬ ಅಕ್ಕಿರೊಟ್ಟಿಯೋ ಚಿತ್ರಾನ್ನವೋ ಬರುತ್ತಿತ್ತು (ಆ ತಿಂಗಳು ನಾನು ಮಧ್ಯಾಹ್ನದ ಅಡುಗೆ ಮಾಡಿದ್ದು ಬಹಳ ಕಡಿಮೆ).

ಹನ್ನೊಂದನೆಯವಳು ನನ್ನ ಮಗಳು ಧಾತ್ರಿ. ಈ ಅಂಕಣ ಓದುತ್ತಾ ಬಂದವರಿಗೆ ಅವಳು ಹೊಸಬಳಲ್ಲ. ಹತ್ತು ವರ್ಷ. ಮೈಸೂರಿನಿಂದ ನಾವು ಇಲ್ಲಿಗೆ ಬಂದಾಗ ಯಾವ ಇಂಡಿಯನ್ ಸ್ಕೂಲಿನಲ್ಲೂ ಸೀಟ್ ಇರಲಿಲ್ಲ. ನಾನು ಅಲ್ಲಿ ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಸೈನ್ಸ್ ಪಾಠ ಮಾಡಿದವಳು. ಇಲ್ಲಿ ನನ್ನ ವೀಸಾದ ಮೇಲೆ ಕೆಲಸ ಮಾಡುವ ಹಾಗಿಲ್ಲ. ಸರಿ, ಮನೆಯಲ್ಲೇ ಟೈಮ್‌ಟೇಬಲ್ ಅಂಟಿಸಿದೆ, ಪುಟ್ಟದೊಂದು ಬೋರ್ಡ್ ತಂದೆ, ಎಂಟು ಗಂಟೆಗೆ ದೇವರ ಮನೆಯ ಗಂಟೆ ಬಾರಿಸಿ ಕ್ಲಾಸ್ ಶುರು ಮಾಡಿದೆ. ಅಡುಗೆಮನೆಯೇ ಲ್ಯಾಬು, ಬಾಲ್ಕನಿಯೇ ಮೈದಾನ.

ಬಾಲ್ಕನಿಯೆಂದರೆ ಧಾತ್ರಿಗೆ ಪ್ರಾಣ. ಬೆಳಿಗ್ಗೆ ಆರಕ್ಕೆಲ್ಲ ಎದ್ದು ಅಲ್ಲಿ ನಿಲ್ಲುತ್ತಾಳೆ. ಕೆಳಗೆ ಸ್ಕೂಲ್ ಬಸ್ಸುಗಳು ಬರುತ್ತವೆ. ಯಾವ ಬಸ್ಸಿನ ನಂಬರ್ ಏನು, ಯಾವ ಡ್ರೈವರ್ ಎದುರಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿಯುತ್ತಾ ಎಷ್ಟು ಹೊತ್ತು ನಿಲ್ಲುತ್ತಾನೆ, ಝೊಹರಾರ ದೊಡ್ಡ ಮಗಳು ಯಾವ ಕಿಟಕಿಯ ಪಕ್ಕ ಕೂರುತ್ತಾಳೆ, ಎಲ್ಲ ಅವಳಿಗೆ ಗೊತ್ತು. ನಾನು ಬುದ್ಧಿವಂತೆ ನೋಡಿ, ಅದನ್ನೂ ಬಿಡಲಿಲ್ಲ. ಬಸ್ ನಂಬರ್‌ಗಳನ್ನು ಬರೆಸಿ ಕೂಡಿಸು, ಭಾಗಿಸು ಎಂದು ಲೆಕ್ಕ ಕೊಟ್ಟೆ. ಮಗುವಿನ ಆಸಕ್ತಿಯಿಂದಲೇ ಪಾಠ ಹುಟ್ಟಬೇಕು ಎಂದು ಇದೇ ಅಂಕಣದಲ್ಲಿ ಒಮ್ಮೆ ಕೊಚ್ಚಿಕೊಂಡೂ ಇದ್ದೆ.

ಇನ್ನು ಆ ತಿಂಗಳ ನನ್ನ ತಲೆಬಿಸಿಗೆ ಬರುತ್ತೇನೆ.

ನಮ್ಮನೆಯವರ, ಅಂದರೆ ಸತೀಶ್ ಅವರ, ಆಫೀಸಿನಲ್ಲಿ ದೊಡ್ಡ ಸ್ಕ್ರೀನ್ ಹಾಕಿ ಒಂದು ಪಂದ್ಯ ತೋರಿಸಿದರು. ಫ್ಯಾಮಿಲಿಗಳಿಗೂ ಕರೆ ಇತ್ತು. ಮಾತಿನ ಮಧ್ಯೆ ಅಮೆರಿಕದ ಸಹೋದ್ಯೋಗಿಯೊಬ್ಬರ ಹೆಂಡತಿ ತಮ್ಮ ತಂಗಿಯ ಸುದ್ದಿ ಹೇಳಿದರು. ಅವರ ರಾಜ್ಯದಲ್ಲಿ ಸರ್ಕಾರವೇ ಮಗುವಿನ ಹೆಸರಿಗೆ ಖಾತೆ ತೆರೆದು ದುಡ್ಡು ಹಾಕುತ್ತದಂತೆ. ಪ್ರೈವೇಟ್ ಸ್ಕೂಲಿಗೆ ಕಟ್ಟಬಹುದು. ಮನೆಯಲ್ಲೇ ಕಲಿಸುತ್ತೀರಾ? ಪುಸ್ತಕ, ಮೈಕ್ರೋಸ್ಕೋಪ್, ಸಂಗೀತದ ಪಾಠ, ಎಲ್ಲಕ್ಕೂ ಅದರಿಂದಲೇ ತೆಗೆಯಬಹುದು. ಪಕ್ಕದಲ್ಲಿದ್ದ ಸತೀಶರ ಬಾಸ್ ಇಲ್ಲಿಯವರೇ, ಕತಾರಿ. ಅವರು ತಲೆಯಾಡಿಸಿ, ತಮ್ಮ ಮಕ್ಕಳ ಪ್ರೈವೇಟ್ ಸ್ಕೂಲಿಗೂ ಸರ್ಕಾರ ವೋಚರ್ ಕೊಡುತ್ತದೆ ಅಂದರು.

ಆಚೆಯವರ ಎಲೆಗೂ ಬಡಿಸಿದರು, ಈಚೆಯವರ ಎಲೆಗೂ ಬಡಿಸಿದರು. ನಡುವೆ ಕೂತ ನನ್ನ ಎಲೆ ಖಾಲಿ. ಹೊಟ್ಟೆ ಉರಿಯದೆ ಇರುತ್ತದೆಯೇ?

(ಸರ್ಕಾರಿ ಶಾಲೆಗಳ ಪಾಲು ಹೀಗೆ ಸೋರಿಹೋಗುತ್ತದೆ ಎಂದು ಅಲ್ಲಿ ಜಗಳವೂ ನಡೆದಿದೆ ಎಂದು ಆಕೆ ಹೇಳಿದರು. ಆ ಭಾಗ ನನ್ನ ಕಿವಿಗೆ ಬೀಳಲೇ ಇಲ್ಲ.)

ನಮಗೆ ಯಾವ ಸರ್ಕಾರ ಕೊಡಬೇಕು? ಇಲ್ಲಿ ನಾವು ಹೊರಗಿನವರು, ಅಲ್ಲಿ ಊರು ಬಿಟ್ಟವರು. ನಮ್ಮ ಪಾಲಿನ ಸರ್ಕಾರವೆಂದರೆ ಕಂಪನಿ. ಕಂಪನಿಯಲ್ಲಿ ಮಕ್ಕಳ ಶಿಕ್ಷಣಕ್ಕೆ ಭತ್ಯೆ ಇದೆ, ಆದರೆ ಶಾಲೆಯ ರಸೀದಿ ಕೊಟ್ಟರೆ ಮಾತ್ರ. ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದೆ.

"ಪಾಲಿಸಿ ಅಂದ್ರೆ ಪಾಲಿಸಿ ಕಣೆ. ರಸೀದಿ ಇಲ್ದೆ ಒಂದು ರಿಯಾಲೂ ಬಿಚ್ಚಲ್ಲ ಅವ್ರು," ಅಂದರು ಸತೀಶ್.

"ಕೇಳೋದ್ರಲ್ಲಿ ತಪ್ಪೇನ್ರೀ? ಮಗು ಎಲ್ಲಿ ಕಲಿಯುತ್ತೋ ದುಡ್ಡೂ ಅಲ್ಲಿಗೇ ಹೋಗ್ಲಿ."

ಮೂರು ಪುಟ ಬರೆದೆ. ಶಿಕ್ಷಣದಲ್ಲಿ ಕುಟುಂಬದ ಆಯ್ಕೆ ಎಂಬ ವಿಷಯದ ಮೇಲೆ ನನ್ನ ಇಂಗ್ಲಿಷಿಗೆ ಅಷ್ಟು ಹೊಳಪು ಬಂದಿದ್ದು ಅದೇ ಮೊದಲು. ವಾರದಲ್ಲಿ ಉತ್ತರ ಬಂತು: ಬಂದು ಮಾತಾಡಿ. ಸತೀಶ್ ಅಂದು ಸೈಟಿನಲ್ಲಿ. ನಾನೇ ಹೊರಟೆ. ಧಾತ್ರಿಯನ್ನೂ ಕರೆದುಕೊಂಡು ಹೋದೆ. ಯಾಕೆ? ಪ್ರದರ್ಶನಕ್ಕೆ, ಇನ್ಯಾಕೆ. ಅವಳ ನೋಟ್‌ಬುಕ್ಕುಗಳನ್ನು ಚೀಲದಲ್ಲಿ ತುಂಬಿದ್ದೆ, ಅವಳಿಗೆ ಇಸ್ತ್ರಿ ಮಾಡಿದ ಫ್ರಾಕ್ ಹಾಕಿದ್ದೆ.

ಎಚ್‌ಆರ್‌ನಲ್ಲಿದ್ದವರು ಶೀಜಾ, ಕೇರಳದವರು. ಮಾತು ಇಂಗ್ಲಿಷಿನಲ್ಲಿ. ಒಳ್ಳೆಯ ಹೆಂಗಸು. ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತಿರುವಿ ನೋಡಿ ಧಾತ್ರಿಗೆ ಚಾಕೊಲೇಟ್ ಕೊಟ್ಟರು. ಆಮೇಲೆ ಫಾರ್ಮ್ ಮುಂದಿಟ್ಟು ಒಂದು ಕಡೆ ಬೆರಳಿಟ್ಟರು.

ಶಾಲೆಗೆ ಸೇರಿಸದಿರಲು ಕಾರಣ. ಎರಡು ಬಾಕ್ಸ್. ಒಂದು, ಸೀಟ್ ಸಿಗಲಿಲ್ಲ. ಇನ್ನೊಂದು, ಪೋಷಕರ ಆಯ್ಕೆ.

"ಸೀಟ್ ಇಲ್ಲದಿದ್ದರೆ ಸ್ಪೆಷಲ್ ಕೇಸ್ ಅಂತ ನಾನು ಮೇಲಕ್ಕೆ ಕಳಿಸಬಹುದು. ಪೋಷಕರ ಆಯ್ಕೆಯಾದರೆ ಏನೂ ಮಾಡೋಕಾಗಲ್ಲ," ಅಂದರು. ಫೈಲಿನಿಂದ ಇನ್ನೊಂದು ಹಾಳೆ ತೆಗೆದರು. "ಆದರೆ ಕಳೆದ ವರ್ಷ ನಿಮ್ಮ ಹಸ್ಬೆಂಡ್ ಒಂದು ಅಡ್ಮಿಷನ್ ಲೆಟರ್ ಕಳಿಸಿದ್ದರು. ಆಮೇಲೆ ಸೀಟ್ ಬೇಡ ಅಂದಿದ್ದೀರಿ ಅಂತ ಇದೆ."

ಧಾತ್ರಿ ಚಾಕೊಲೇಟಿನ ಕಾಗದ ಬಿಚ್ಚುವುದನ್ನು ನಿಲ್ಲಿಸಿದಳು.

ಹೌದು, ಸೀಟ್ ಬಂದಿತ್ತು. ಉಮ್ಮ್ ಸಲಾಲ್ ಕಡೆಯ ಶಾಲೆ, ಮಧ್ಯಾಹ್ನದ ಶಿಫ್ಟ್. ಸತೀಶ್ ಖುಷಿಯಲ್ಲಿ ಅಂದೇ ಪತ್ರವನ್ನು ಆಫೀಸಿಗೆ ಕಳಿಸಿದ್ದರು. ನಾನು ಬೇಡವೆಂದೆ. ಅಷ್ಟು ದೂರ, ಮನೆ ಸೇರುವಾಗ ಕತ್ತಲಾಗುತ್ತದೆ, ಮಗು ಸುಸ್ತಾಗುತ್ತದೆ. ಎಲ್ಲ ನಿಜವೇ. ಅವರು ಎರಡು ದಿನ ವಾದಿಸಿ ಸುಮ್ಮನಾದರು. ಧಾತ್ರಿಗೆ ನಾವು ಹೇಳಲೇ ಇಲ್ಲ. ಬಿಲ್ಡಿಂಗಿನಲ್ಲಿ ಯಾರು ಕೇಳಿದರೂ ನನ್ನದು ಒಂದೇ ಉತ್ತರ, ಸೀಟ್ ಸಿಗಲಿಲ್ಲ. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು.

ಸತೀಶರಿಗೂ ಹೇಳದ ಇನ್ನೊಂದು ಕಾರಣವಿತ್ತು. ಅವಳು ಶಾಲೆಗೆ ಹೋದರೆ ನಾನು ಏನು ಮಾಡಲಿ? ಎಂಟು ಗಂಟೆಗೆ ಯಾರಿಗೆ ಗಂಟೆ ಬಾರಿಸಲಿ? ಒಂಬತ್ತು ವರ್ಷ ಟೀಚರ್ ಆಗಿದ್ದವಳು ಏರ್‌ಪೋರ್ಟಿನಲ್ಲಿ ಇಳಿದ ದಿನದಿಂದ ಬರೀ ಸತೀಶ್ ಅವರ ಮಿಸೆಸ್. ಬೋರ್ಡಿನ ಮುಂದೆ ನಿಂತಾಗ ಮಾತ್ರ ನಾನು ನಾನಾಗಿದ್ದೆ. ಅದನ್ನು ಬಿಟ್ಟುಕೊಡಲು ನನಗೆ ಭಯವಾಯಿತು.

"ಹಳೇ ಲೆಟರ್ ಬಗ್ಗೆ ನಾನು ಎತ್ತಲ್ಲ. ನೀವು ಸೀಟ್ ಸಿಗಲಿಲ್ಲ ಅಂತ ಟಿಕ್ ಮಾಡಿ," ಅಂದರು ಶೀಜಾ ಮೆತ್ತಗೆ. ಪಾಪ, ಸಹಾಯ ಮಾಡಲೆಂದೇ ಹೇಳಿದ್ದು.

ಪೆನ್ನು ಹಿಡಿದೆ. ಮಗಳು ನನ್ನ ಮುಖ ನೋಡುತ್ತಿರಲಿಲ್ಲ, ಪೆನ್ನಿನ ತುದಿ ನೋಡುತ್ತಿದ್ದಳು. ಎರಡನೇ ಬಾಕ್ಸಿಗೆ ಟಿಕ್ ಹಾಕಿದೆ. ಪೋಷಕರ ಆಯ್ಕೆ. ಖಲಾಸ್, ಭತ್ಯೆಯ ಕಥೆ ಅಲ್ಲಿಗೆ ಮುಗಿಯಿತು.

ಟ್ಯಾಕ್ಸಿಯಲ್ಲಿ ಮನೆಗೆ ಹೊರಟೆವು. ರಸ್ತೆಯುದ್ದಕ್ಕೂ ಬಾವುಟಗಳು, ಯಾವುದೋ ದೇಶದವರು ಡೋಲು ಬಡಿದು ಹಾಡುತ್ತಿದ್ದರು. ನಮ್ಮ ಸಿಗ್ನಲ್ ಬಂದಾಗ ಧಾತ್ರಿ ಕೇಳಿದಳು.

"ಅಮ್ಮಾ, ಆ ಸ್ಕೂಲ್ ಬಸ್ ನಮ್ಮ ಬಿಲ್ಡಿಂಗ್ ಹತ್ರ ಸ್ಟಾಪ್ ಆಗ್ತಿತ್ತಾ?"

"ಆಗ್ತಿತ್ತು."

"ಅದ್ರ ನಂಬರ್ ಏನು?"

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವಳು ಅತ್ತಿದ್ದರೆ, ಜಗಳವಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕಿಟಕಿಯ ಕಡೆ ತಿರುಗಿದಳು. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಕಪ್ ಮುಗಿಯಿತು. ಶಾಲೆಗಳು ತೆರೆದವು. ಬಾಗಿಲ ಮುಂದಿನ ಹನ್ನೊಂದು ಜೊತೆ ಚಪ್ಪಲಿ ಒಂದಕ್ಕಿಳಿದವು. "ನಮ್ಮ ಮಕ್ಕಳಿಗೆ ನಿಮ್ಮ ಶಾಲೆಯೇ ಆಗಬಹುದಂತೆ ಮೇಡಂ," ಎಂದು ಝೊಹರಾ ಮೆಟ್ಟಿಲಲ್ಲಿ ನಕ್ಕರು. ಹೊಗಳಿಕೆಯೇ. ಆದರೆ ಅವರ ಮಕ್ಕಳು ಆಗಲೇ ಯೂನಿಫಾರ್ಮ್ ಹಾಕಿಕೊಂಡು ಕೆಳಗೆ ಓಡುತ್ತಿದ್ದರು.

ಇಷ್ಟಾದ ಮೇಲೂ ಆ ಅಮೆರಿಕದ ಖಾತೆ, ಇಲ್ಲಿನ ವೋಚರ್ ತಪ್ಪೆಂದು ನಾನು ಹೇಳಲಾರೆ. ಮನೆಯಲ್ಲೇ ಚೆನ್ನಾಗಿ ಕಲಿಯುವ ಮಕ್ಕಳಿದ್ದಾರೆ, ಅವರಿಗೂ ಸಹಾಯ ಸಿಗಲಿ. ಆದರೆ ನನ್ನ ಮೂರು ಪುಟಗಳನ್ನು ಮತ್ತೆ ಓದಿ ನೋಡಿದೆ. ಆಯ್ಕೆ ಎಂಬ ಮಾತು ಪುಟಪುಟಕ್ಕೂ ಇದೆ. ಧಾತ್ರಿಯ ಹೆಸರು ಇರುವುದು ಒಂದೇ ಕಡೆ, ಅರ್ಜಿಯ ತುದಿಯಲ್ಲಿ, ಪಾಸ್‌ಪೋರ್ಟ್ ನಂಬರಿನ ಪಕ್ಕ.

ಮೊನ್ನೆ ಏಪ್ರಿಲ್ ಅಡ್ಮಿಷನ್ನಿಗೆ ಹೊಸ ಫಾರ್ಮ್ ತಂದೆವು. ವೇಟಿಂಗ್ ಲಿಸ್ಟ್ ಈ ಸಲವೂ ಉದ್ದವಿದೆಯಂತೆ, ಸಿಕ್ಕರೆ ಮಧ್ಯಾಹ್ನದ ಶಿಫ್ಟೇ ಅಂತೆ. ಸಿಗದಿದ್ದರೆ ಏನು ಹೇಳಲಿ ಎಂದು ನಿದ್ದೆ ಕೆಡುತ್ತಿದೆ. ಸಿಕ್ಕರೆ ನಾನು ಏನು ಮಾಡಲಿ ಎಂಬುದು ಇನ್ನೊಂದು ಚಿಂತೆ. ಸತೀಶ್ ಫಾರ್ಮ್ ತುಂಬಿಸುತ್ತಿದ್ದರು. ಕೊನೆಯ ಪುಟದಲ್ಲಿ ಒಂದು ಸಾಲು, ವಿದ್ಯಾರ್ಥಿಗೆ ಬಸ್ ಬೇಕೇ? ಪೆನ್ನನ್ನು ಧಾತ್ರಿಯ ಕೈಗೆ ಕೊಟ್ಟೆ.

ಅವಳು ಒತ್ತಿ ಒತ್ತಿ, ಎರಡು ಸಲ ಟಿಕ್ ಹಾಕಿದಳು.