ಹೋಳಿಗೆ ಮೊದಲು ಇಳಿಸಿದ ಗುಮಟೆ

ಕೋವಿಡ್ ಕಳೆದ ಎರಡನೆಯ ವರ್ಷ ನಾನು ರಾಷ್ಟ್ರಮಟ್ಟದ ಒಂದು ಕಲಾ ನೆರವು ಸಂಸ್ಥೆಯ ಆಡಳಿತ ಮಂಡಳಿಗೆ ಸದಸ್ಯೆಯಾಗಿ ಸೇರಿದೆ. ಅವಧಿ ಮೂರು ವರ್ಷ. ಅದಕ್ಕೆ ಮೊದಲು ಮೂವತ್ತೊಂದು ವರ್ಷ ಬ್ರಹ್ಮಾವರ ಕಡೆಯ ಕಾಲೇಜೊಂದರಲ್ಲಿ ಕನ್ನಡ ಮತ್ತು ಜಾನಪದ ಪಾಠ ಮಾಡಿ ನಿವೃತ್ತಳಾಗಿದ್ದೆ. ನನ್ನ ಹೆಸರನ್ನು ಯಾರು ಸೂಚಿಸಿದರೆಂದು ಇಂದಿಗೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಫೋನ್ ಬಂತು, ಒಪ್ಪಿದೆ.

ಮಂಡಳಿಯಲ್ಲಿ ನಾವು ಹನ್ನೊಂದು ಜನ. ಅಧ್ಯಕ್ಷರು ನಿವೃತ್ತ ಹಿರಿಯ ಅಧಿಕಾರಿ. ಉಳಿದವರಲ್ಲಿ ಒಬ್ಬರು ಹೆಸರಾಂತ ನರ್ತಕಿ, ಒಬ್ಬರು ಚಿತ್ರಗಳ ಗ್ಯಾಲರಿ ನಡೆಸುವವರು, ಇಬ್ಬರು ರಂಗಭೂಮಿಯವರು. ಕನ್ನಡ ಬಲ್ಲವಳು ನಾನೊಬ್ಬಳೇ. ವರ್ಷಕ್ಕೆ ನಾಲ್ಕು ಸಲ ದಿಲ್ಲಿಯಲ್ಲಿ ಸಭೆ, ಪ್ರತಿ ಸಭೆಯ ಮುಂದೆ ಅರುವತ್ತು ಎಪ್ಪತ್ತು ಅರ್ಜಿ. ಒಂದೊಂದು ಅರ್ಜಿಗೂ ಒಂದು ಪುಟದ ಟಿಪ್ಪಣಿ ಇರುತ್ತಿತ್ತು. ಸಭೆಯಲ್ಲಿ ಅದನ್ನೇ ಅಜೆಂಡಾ ನೋಟ್ ಎನ್ನುತ್ತಿದ್ದರು. ಆ ಪುಟ ಓದಿದರೆ ಅರ್ಜಿ ಓದಿದಂತೆ. ಅನುಮಾನ ಬಂದ ಅರ್ಜಿಗೆ ಹತ್ತಿರದ ಸದಸ್ಯರೊಬ್ಬರು ಸ್ಥಳಕ್ಕೆ ಹೋಗಿ ನೋಡಿ ಬಂದು, ಹದಿನಾಲ್ಕು ಕಾಲಂಗಳ ಒಂದು ಫಾರ್ಮ್ ತುಂಬಬೇಕು. ಒಂಬತ್ತನೆಯ ಕಾಲಂ ಹೀಗಿತ್ತು: ಪ್ರಾತ್ಯಕ್ಷಿಕೆ ನೋಡಲಾಯಿತೇ? ವಿಡಿಯೊ ಲಗತ್ತಿಸಿ.

ನಾನು ನಲವತ್ತು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ನೆನಪನ್ನು ನಂಬುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ದಿನಚರಿಯನ್ನಾದರೂ ಎಷ್ಟು ನಂಬಬೇಕು? ಅದನ್ನು ಬರೆದವಳೂ ನಾನೇ.

ಆ ಸಲದ ಅರ್ಜಿ ನಮ್ಮ ಕಡೆಯದೇ. ವಂಡ್ಸೆಯಿಂದ ಒಳಗೆ, ಕಾಡಿನಂಚಿನ ಕುಡುಬಿ ಸಮುದಾಯದ ಒಂದು ಕೇರಿಯಿಂದ ಬಂದದ್ದು. ಬರೆದವಳು ಸುಮತಿ ಎಂಬ ಅಂಗನವಾಡಿ ಶಿಕ್ಷಕಿ. ಅವಳ ತಂದೆ ಬಚ್ಚ ನಾಯ್ಕರು ಅಲ್ಲಿಯ ಕೂಡುಕಟ್ಟಿನ, ಎಂದರೆ ಆ ಕೇರಿಯ ಮನೆಗಳ ಒಕ್ಕೂಟದ, ಗುರಿಕಾರರು, ಅಲ್ಲಿನ ಕಟ್ಟುಪಾಡು ಕಾಯುವ ಹಿರಿಯರು. ಹೋಳಿಯ ದಿನಗಳಲ್ಲಿ ಗುಮಟೆ ಬಾರಿಸುತ್ತ ಮನೆಮನೆಗೆ ಹೋಗಿ ಕುಣಿಯುವ ತಂಡಕ್ಕೆ ಅವರೇ ಮುಂದಾಳು. ಗುಮಟೆ ಎಂದರೆ ಒಂದು ಬಾಯಿಗೆ ಚರ್ಮ ಬಿಗಿದ ಮಣ್ಣಿನ ವಾದ್ಯ. ಅದರ ಜೊತೆ ಹಾಡುವ ಪದಗಳು ಪೂರ್ತಿ ಗೊತ್ತಿದ್ದದ್ದು ಬಚ್ಚ ನಾಯ್ಕರೊಬ್ಬರಿಗೆ. ಎಳೆಯರು ಅವರ ಹಿಂದೆ ಕುಣಿಯುತ್ತಲೇ ಕಲಿಯಬೇಕು, ಬೇರೆ ದಾರಿಯಿಲ್ಲ. ಆದರೆ ಆ ಎಳೆಯರೆಲ್ಲ ಮುಂಬೈ, ಹುಬ್ಬಳ್ಳಿಯ ಹೋಟೆಲುಗಳಲ್ಲಿ. ಹೋಳಿಗೆ ಎರಡು ದಿನ ಬಂದು ಓಡುತ್ತಿದ್ದರು. ಸುಮತಿ ಕೇಳಿದ್ದು ಇಷ್ಟೇ: ಏಳು ಜನ ಯುವಕರು ಹೋಳಿಯ ಹೊತ್ತಿಗೆ ಹದಿನೈದು ದಿನ ಊರಲ್ಲಿ ಉಳಿಯುವಂತೆ ಅವರ ಆ ದಿನಗಳ ಸಂಬಳ, ಮತ್ತು ಪದಗಳ ಧ್ವನಿಮುದ್ರಣ.

ನಾನು ಸ್ಥಳ ಪರಿಶೀಲನೆಗೆ ಹೋದದ್ದು ಅಕ್ಟೋಬರಿನಲ್ಲಿ. ಗದ್ದೆಗಳಲ್ಲಿ ಕೊಯ್ಲಿನ ಯಂತ್ರ ಓಡಾಡುತ್ತಿತ್ತು. ಕುಂದಾಪುರದಲ್ಲಿ ಬಸ್ಸು ಬದಲಿಸಿ ವಂಡ್ಸೆಗೆ, ಅಲ್ಲಿಂದ ಆಟೊ. ಬಚ್ಚ ನಾಯ್ಕರು ಅಂಗಳದ ತುದಿಯವರೆಗೆ ಬಂದರು.

"ಹ್ವಾಯ್, ಬನಿ ಬನಿ ಟೀಚ್ರೆ. ದಿಲ್ಲಿಯಿಂದ ಬತ್ರ್ ಅಂದ್ರ್, ನಾನ್ ಪ್ಯಾಂಟ್ ಹಾಯ್ಕಂಡ ಗಂಡ್ಸ್ ಬತ್ರ್ ಅಂದೇಳಿ ಇದ್ದೆ."

"ನಾನ್ ಬ್ರಹ್ಮಾವರದವ್ಳೇ ನಾಯ್ಕ್ರೆ."

"ಹಂಗಾರೆ ಹೆದ್ರಿಕೆ ಇಲ್ಲೆ. ಕೂಕಣಿ."

ಸುಮತಿ ಬೆಲ್ಲ, ನೀರು ತಂದಿಟ್ಟಳು. ಮೊದಲ ಎಂಟು ಕಾಲಂಗಳು ಸುಲಭವಾಗಿ ತುಂಬಿದವು. ಎಷ್ಟು ತಲೆಮಾರು, ಎಷ್ಟು ಮನೆ, ಎಷ್ಟು ಪದ. ಪದಗಳ ಲೆಕ್ಕ ಕೇಳಿದಾಗ ಅವರು ಬೆರಳು ಮಡಚಿ ಮಡಚಿ ಕೊನೆಗೆ ಬಿಟ್ಟುಬಿಟ್ಟರು.

"ಹೇಳೂಕ್ ಬತ್ತಿಲ್ಲೆ ಟೀಚ್ರೆ. ಗುಮಟೆ ಕೈಯಗ್ ಹಿಡ್ದ್ರೆ ಒಂದ್ರ ಹಿಂದ್ ಒಂದ್ ಬತ್ತ್."

ಒಂಬತ್ತನೆಯ ಕಾಲಂ ಬಂತು. ಗುಮಟೆಗಳು ಒಳಕೋಣೆಯ ಗೋಡೆಯಲ್ಲಿ ಬಟ್ಟೆ ಸುತ್ತಿ ನೇತಾಡುತ್ತಿದ್ದವು. ಬಾಗಿಲಿನಿಂದ ಕಾಣುತ್ತಿತ್ತು. ಸ್ವಲ್ಪ ಬಾರಿಸಿ ತೋರಿಸುತ್ತೀರಾ ಎಂದು ಕೇಳಿದೆ.

"ಅದನ್ನ ಈಗ ಇಳ್ಸುಕಾಗ," ಎಂದರು. "ಹೋಳಿ ಹತ್ರ ಬಂದ್ಮೇಲೆ, ತುಳ್ಸಿಕಟ್ಟೆ ಎದ್ರ್ ಇಟ್ಟ್, ಎಲ್ಲಾ ಮನಿಯವ್ರ್ ಕೈ ಮುಗ್ದ್ ಹಿಡೂದ್. ಹೋಳಿ ಮುಗೀತಾ, ವಾಪಸ್ ಗೋಡೆಗೆ. ನಡೂಗೆ ಮುಟ್ಟೂಕಿಲ್ಲೆ."

ಬೇರೆ ಕಡೆ ಹೇಗೋ, ಅವರ ಕೂಡುಕಟ್ಟಿನಲ್ಲಿ ಹಾಗೆ. ನಾನು ಕಾಲಂ ವಿಷಯ ವಿವರಿಸಿದೆ. ದಿಲ್ಲಿಯವರಿಗೆ ಕಾಣಬೇಕು ಎಂದೆ.

"ದಿಲ್ಲಿಯವ್ರಿಗೆ ಹೋಳಿ ಯಾವಾಗ ಅಂದೇಳಿ ಗೊತ್ತಿಲ್ಯಾ? ಅವ್ರೂ ಬಣ್ಣ ಬಳ್ಕಂಬ್ದಲ್ದಾ?"

ಸುಮತಿ ನಕ್ಕಳು, ನಾನೂ ನಕ್ಕೆ.

ಇಲ್ಲಿಂದ ಮುಂದಿನದ್ದು ನಾನು ಹಲವರಿಗೆ ಹಲವು ಸಲ ಹೇಳಿದ ಪ್ರಕಾರ ಹೀಗಿದೆ. ನಾನು ಸುಮ್ಮನಾದೆ. ಅವರು ಸ್ವಲ್ಪ ಹೊತ್ತು ಅಂಗಳ ನೋಡಿದರು. ಆಮೇಲೆ ತಾವಾಗಿಯೇ ಎದ್ದು ಒಳಗೆ ಹೋಗಿ ಒಂದು ಗುಮಟೆ ಇಳಿಸಿ ತಂದರು. ಹೆಗಲ ಬೈರಾಸಿನಿಂದ ಒರೆಸಿದರು. ಎರಡು ನಿಮಿಷ ಬಾರಿಸಿದರು, ಹಾಡಲಿಲ್ಲ. ನನ್ನ ಫೋನಿನಲ್ಲಿ ಸುಮತಿ ವಿಡಿಯೊ ತೆಗೆದಳು. ಅವರು ಅದನ್ನು ಒಳಗೆ ಒಯ್ದು ನೇತುಹಾಕಿ ಬಂದು, "ಆಯ್ತಲೆ ನಿಮ್ದ್?" ಎಂದರು. ನಾನು ಫಾರ್ಮಿನಲ್ಲಿ "ಹೌದು" ಎಂದು ಟಿಕ್ ಹಾಕಿದೆ.

ನವೆಂಬರಿನ ಸಭೆಯಲ್ಲಿ ಆ ಅರ್ಜಿ ಊಟದ ನಂತರ ಬಂತು. ಅಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಅರ್ಜಿ ಮುಗಿದಿದ್ದವು. ಯಾವುದಕ್ಕೆ ಹೌದು ಅಂದೆ, ಯಾವುದಕ್ಕೆ ಇಲ್ಲ ಅಂದೆ ಎಂಬುದು ಕೂಡ ಮರೆಯತೊಡಗಿತ್ತು. ಗೋಡೆಯ ಪರದೆಯ ಮೇಲೆ ಬಚ್ಚ ನಾಯ್ಕರು ಎರಡು ನಿಮಿಷ ಕಾಣಿಸಿಕೊಂಡರು. ಸ್ಪೀಕರಿನ ತೊಂದರೆಯಿಂದ ಸದ್ದು ಸಣ್ಣಗೆ ಬಂತು.

"ಎಷ್ಟು ಕಚ್ಚಾ ಆಗಿದೆ, ಎಷ್ಟು ನಿಜ," ಎಂದರು ನರ್ತಕಿ. ಅವರ ಕಣ್ಣು ಒದ್ದೆಯಾಗಿತ್ತು. ಅದು ನಟನೆಯಲ್ಲ ಎಂದು ಆಗಲೂ ಅನ್ನಿಸಿತ್ತು.

ಅಧ್ಯಕ್ಷರು ಟಿಪ್ಪಣಿ ನೋಡಿದರು. "ಹದಿನೈದು ದಿನಕ್ಕೆ ನೆರವು ಕೊಟ್ಟರೆ ಅದು ಹಬ್ಬದ ಖರ್ಚಾಗುತ್ತದೆ, ಕಲೆಯ ನೆರವಾಗುವುದಿಲ್ಲ. ಹನ್ನೆರಡು ತಿಂಗಳ ತರಬೇತಿ ಮಾಡೋಣ. ತಿಂಗಳಿಗೆ ನಾಲ್ಕು ತರಗತಿ, ತಿಂಗಳಿಗೊಂದು ವಿಡಿಯೊ. ಜನವರಿಯಲ್ಲಿ ಕುಂದಾಪುರದಲ್ಲಿ ಉದ್ಘಾಟನೆ. ನಾವೂ ಹೋಗಿ ಬರೋಣ." ಆಮೇಲೆ ನನ್ನ ಕಡೆ ತಿರುಗಿ, "ಹಬ್ಬದ ಹೊರಗೆ ಬಾರಿಸಲು ಏನೂ ಅಡ್ಡಿ ಇಲ್ಲವಷ್ಟೇ?" ಎಂದು ಕೇಳಿದರು.

ಅಡ್ಡಿ ಇದೆ ಎಂದು ಹೇಳಬೇಕಿತ್ತು. ಆದರೆ ಪರದೆಯ ಮೇಲೆ ವಿಡಿಯೊದ ಕೊನೆಯ ಚಿತ್ರ ಇನ್ನೂ ನಿಂತಿತ್ತು. ಅಕ್ಟೋಬರ್ ತಿಂಗಳ ದಿನಾಂಕ ಮೂಲೆಯಲ್ಲಿತ್ತು. ತಂದವಳು ನಾನು. ಅಡ್ಡಿ ಇದ್ದರೆ ಇದು ಹೇಗೆ ಬಂತು ಎಂದು ಕೇಳುತ್ತಿದ್ದರು. ನಾನು ಏನೋ ಹೇಳಿದ ನೆನಪು. "ಅವರೊಡನೆ ಮಾತಾಡಿ ನೋಡಬೇಕು" ಎಂದಿರಬೇಕು. ನಡಾವಳಿಯಲ್ಲಿ, ಅಂದರೆ ಸಭೆಯ ಅಧಿಕೃತ ದಾಖಲೆಯಲ್ಲಿ, ನನ್ನ ಮಾತು ಯಾವುದೂ ಇಲ್ಲ. "ಸರ್ವಾನುಮತದಿಂದ ಅಂಗೀಕಾರ" ಎಂದಿದೆ. ನನ್ನ ದಿನಚರಿಯ ಆ ಪುಟದಲ್ಲಿ ಸಭಾಂಗಣದ ಎಸಿ ತುಂಬಾ ತಣ್ಣಗಿತ್ತು, ಶಾಲು ತರಬೇಕಿತ್ತು ಎಂದಷ್ಟೇ ಬರೆದಿದ್ದೇನೆ. ಚರ್ಚೆ ನಾಲ್ಕೈದು ನಿಮಿಷ ನಡೆದಿರಬಹುದು. ನನಗೆ ಖುಷಿಯಾಗಲಿಲ್ಲ, ಬೇಸರವೂ ಆಗಲಿಲ್ಲ. ಮುಂದಿನ ಪುಟ ತಿರುಗಿಸಿದೆ.

ಮಂಜೂರಾತಿ ಪತ್ರ ಹೋದ ವಾರದೊಳಗೆ ಸುಮತಿ ಫೋನ್ ಮಾಡಿದಳು.

"ಮೇಡಮ್, ಅಪ್ಪ ಆತಿಲ್ಲೆ ಅಂದ್ರ್. ಜನವರಿಗೆ ಗುಮಟೆ ತಕಂಡ್ ಸ್ಟೇಜ್ ಹತ್ತೂದಾ? ತಿಂಗ್ಳ್ ತಿಂಗ್ಳ್ ಇಳ್ಸೂದಾ? ನಾವ್ ಕೇಂಡದ್ದ್ ಹಂಗಲ್ಲ."

"ಗೊತ್ತಿತ್ತ್ ಸುಮತಿ. ಆದ್ರೆ ಒಂದ್ಸಲ ಹ್ಯಾಂಗೋ ಇಳ್ಸಿದ್ರಲೆ. ಹಂಗೇ..."

ಹಿಂದೆ ಅಂಗನವಾಡಿಯ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಅಪ್ಪನೂ ಅದ್ನೇ ಹೇಳೂದ್ ಮೇಡಮ್. ಒಂದ್ಸಲ ಇಳ್ಸಿ ಆಯ್ತ್ ಅಂದೇಳಿ."

ಷರತ್ತು ಬದಲಿಸಲು ಕಚೇರಿಗೆ ಒಂದು ಇಮೇಲ್ ಬರೆದೆ. ಮಂಡಳಿಯ ತೀರ್ಮಾನವನ್ನು ಮಂಡಳಿಯೇ ಬದಲಿಸಬೇಕು, ಮುಂದಿನ ಸಭೆ ಫೆಬ್ರವರಿ ಕೊನೆಗೆ ಎಂದು ಉತ್ತರ ಬಂತು. ಫೆಬ್ರವರಿಯ ಸಭೆಯಲ್ಲಿ, ಉತ್ತರ ಬಾರದ ಇತರ ಕಡತಗಳ ಜೊತೆ ಅದನ್ನೂ ಮುಚ್ಚಿದರು. ಕಾರಣದ ಜಾಗದಲ್ಲಿ "ಅರ್ಜಿದಾರರು ಆಸಕ್ತಿ ತೋರಲಿಲ್ಲ" ಎಂದು ಅಚ್ಚಾಗಿತ್ತು. ಎಲ್ಲ ಸದಸ್ಯರೂ ಸಹಿ ಹಾಕಬೇಕಾದ ಹಾಳೆ ಅದು. ನಾನೂ ಹಾಕಿದೆ.

ಹೋಳಿಗೆ ನಾನು ವಂಡ್ಸೆಗೆ ಹೋದೆ. ಯಾರೂ ಕರೆದಿರಲಿಲ್ಲ. ಕೇರಿಯ ಅಂಗಳದಲ್ಲಿ ತಂಡ ಕುಣಿಯುತ್ತಿತ್ತು. ತಲೆಗೆ ಹೂವಿನ ಮುಂಡಾಸು, ಕೈಯಲ್ಲಿ ಗುಮಟೆ. ಹೋಟೆಲಿನಿಂದ ರಜೆ ಸಿಕ್ಕಿದ್ದು ಮೂವರಿಗೆ ಮಾತ್ರ. ತಂಡದ ಮುಂದೆ ಬೇರೆ ಯಾರೋ ಇದ್ದರು. ಬಚ್ಚ ನಾಯ್ಕರು ತಮ್ಮ ಮನೆಯ ಜಗಲಿಯಲ್ಲಿ ಕೂತಿದ್ದರು. ಮೈಮೇಲೆ ಮಾಮೂಲಿ ಅಂಗಿ, ತಲೆಗೆ ಏನೂ ಇಲ್ಲ.

"ಅಪ್ಪನೇ ಕೂಡುಕಟ್ಟಿನವ್ರನ್ನ ಕರ್ದ್ ಹೇಳ್ರ್," ಎಂದಳು ಸುಮತಿ. "ಹೊತ್ತಲ್ದ ಹೊತ್ತಿಗೆ ಮುಟ್ಟಿದ್ದೆ, ಈ ವರ್ಷ ನಾನ್ ಹಿಡೂದಿಲ್ಲೆ ಅಂದೇಳಿ. ಉಳ್ದವ್ರ್ ಬ್ಯಾಡ ಅಂದ್ರ್, ಅಪ್ಪ ಕೇಣ್ಲಿಲ್ಲೆ. ಗುರಿಕಾರನೇ ತಪ್ಪಿರೆ ಮತ್ತೆ ಯಾರಿಗೆ ಹೇಳೂದ್ ಅಂದ್ರ್."

ಅಂಗಳದಲ್ಲಿ ಒಂದು ಪದ ಶುರುವಾಗಿ ನಾಲ್ಕು ಸುತ್ತು ಬಂದು, ಐದನೆಯ ಸುತ್ತಿಗೆ ನಿಂತಿತು. ಮುಂದಿನ ಸಾಲು ಯಾರಿಗೂ ಬರಲಿಲ್ಲ. ಗುಮಟೆ ಮಾತ್ರ ಬಡಿಯುತ್ತಿತ್ತು. ಎಲ್ಲರೂ ಜಗಲಿಯ ಕಡೆ ನೋಡಿದರು. ಬಚ್ಚ ನಾಯ್ಕರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ತಂಡದವರು ಮೊದಲ ನಾಲ್ಕು ಸುತ್ತನ್ನೇ ಮತ್ತೆ ಹಾಡಿ ಮುಂದಿನ ಮನೆಗೆ ಹೋದರು.

ನಾನು ಜಗಲಿಯ ಹತ್ತಿರ ಹೋಗಿ, "ನನ್ನಿಂದಾಯ್ತ್ ನಾಯ್ಕ್ರೆ," ಎಂದೆ.

"ಕೇಂಡದ್ದ್ ನೀವ್, ಇಳ್ಸದ್ದ್ ನಾನ್," ಎಂದರು. "ನಿಮ್ದೆಂತ ಇತ್ತ್ ಅದ್ರಗೆ? ಒಂದ್ ವರ್ಷ ಕೂಕಂಡ್ರೆ ಆಯ್ತ್. ಬಪ್ಪ ವರ್ಷ ಹಿಡೀತೆ. ಸುಮತೀ, ಟೀಚ್ರಿಗೆ ಕುಡೂಕೆ ಆಸ್ರಿ ಕೊಡ್."

ಮುಂದಿನ ವರ್ಷ ಅವರು ಗುಮಟೆ ಹಿಡಿದರು. ಆದರೆ ನಡುವಿನ ಆಗಸ್ಟ್‌ನಲ್ಲಿ ಅವರಿಗೆ ಲಕ್ವ ಹೊಡೆದಿತ್ತು. ಕೈ ಸುಧಾರಿಸಿತ್ತು, ನಾಲಿಗೆ ಸುಧಾರಿಸಿರಲಿಲ್ಲ. ತಂಡದ ಮುಂದೆ ನಿಂತು ಬಾರಿಸಿದರು, ಪದ ಬರಲಿಲ್ಲ. ಜಗಲಿಯಲ್ಲಿ ಕೂತ ಆ ವರ್ಷದ್ದೇ ಅವರ ಗಂಟಲು ನೆಟ್ಟಗಿದ್ದ ಕೊನೆಯ ಹೋಳಿಯಾಗಿತ್ತು. ಐದನೆಯ ಸುತ್ತು ಈಗ ಯಾರ ಬಳಿಯೂ ಇಲ್ಲ. ಇದನ್ನು ಸುಮತಿ ಫೋನಿನಲ್ಲಿ ಹೇಳಿದಳು. ನಾನು "ಹೌದಾ" ಎಂದೆ. ಮತ್ತೇನು ಹೇಳಿದೆನೋ ನೆನಪಿಲ್ಲ, ಬರೆದಿಟ್ಟಿಲ್ಲ.

"ಕೇಂಡದ್ದ್ ನೀವ್, ಇಳ್ಸದ್ದ್ ನಾನ್" ಎಂಬ ಆ ಮಾತನ್ನು ನಾನು ಬಹಳ ದಿನ ಹಿಡಿದುಕೊಂಡಿದ್ದೆ. ಒಂದು ಸಲ ಕೇಳಿದೆ, ಅವರು ಮನಸ್ಸು ಬದಲಿಸಿದರು. ಮಂಡಳಿಯ ಅವಧಿ ಮುಗಿದ ಮೇಲೆ ಎರಡು ಕಾಲೇಜುಗಳಲ್ಲಿ ಉಪನ್ಯಾಸ ಮಾಡುವಾಗಲೂ ಹಾಗೆಯೇ ಹೇಳಿದೆ. ಕಾಲಂ ಒಂಬತ್ತರ ಬಗ್ಗೆ ವ್ಯಂಗ್ಯವಾಡಿದೆ. ಮಕ್ಕಳು ನಕ್ಕರು.

ಹೋದ ತಿಂಗಳು ಹಳೆಯ ಫೋನಿನಿಂದ ಹೊಸದಕ್ಕೆ ಫೋಟೊಗಳನ್ನು ಸಾಗಿಸುವಾಗ ಆ ವಿಡಿಯೊ ಸಿಕ್ಕಿತು. ದಿಲ್ಲಿಗೆ ಕಳಿಸಿದ್ದು ಎರಡು ನಿಮಿಷದ್ದು. ಅದಕ್ಕಿಂತ ಉದ್ದದ್ದನ್ನು ಕಚೇರಿ ತೆಗೆದುಕೊಳ್ಳುತ್ತಿರಲಿಲ್ಲ. ಮೂಲ ವಿಡಿಯೊ ಐದು ನಿಮಿಷದಷ್ಟು ಇದೆ. ಅವರು ಒಪ್ಪುವ ಮೊದಲೇ ನಾನು ಫೋನನ್ನು ಸುಮತಿಯ ಕೈಗೆ ಕೊಟ್ಟಿರಬೇಕು, ಅವಳು ಗುಂಡಿ ಒತ್ತಿಟ್ಟಿದ್ದಳು. ಮೊದಲ ಭಾಗವನ್ನು ಕತ್ತರಿಸಿದವಳು ನಾನೇ ಇರಬೇಕು, ನನ್ನ ಫೋನು ಬೇರೆ ಯಾರೂ ಮುಟ್ಟುವುದಿಲ್ಲ. ಕತ್ತರಿಸಿದ ನೆನಪಿಲ್ಲ.

ಮೊದಲ ಮೂರು ನಿಮಿಷ ಚಿತ್ರದಲ್ಲಿ ಅಂಗಳದ ನೆಲ, ನನ್ನ ಚಪ್ಪಲಿ. ಧ್ವನಿ ಸ್ಪಷ್ಟವಾಗಿದೆ. ನಾನು ಒಂದು ಸಲ ಕೇಳಿ ಸುಮ್ಮನಾಗಲಿಲ್ಲ. ಅವರು ಆಗದು ಎಂದ ಮೇಲೂ ಮೂರು ಸಲ ಕೇಳಿದ್ದೇನೆ.

ಕೊಡುವ ಕುರ್ಚಿಯಲ್ಲಿ ಕೂತವರು ಎರಡನೆಯ ಸಲ ಕೇಳಿದರೆ ಅದು ಕೇಳುವುದಲ್ಲ ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಮೊದಲ ಸಲದ ಉತ್ತರವೇ ಉತ್ತರ, ಅದನ್ನು ಹಾಗೆಯೇ ಬರೆದುಕೊಂಡು ಎದ್ದು ಬರಬೇಕು. ಕಾಲಂ ಒಂಬತ್ತರಲ್ಲಿ "ಇಲ್ಲ" ಎಂದು ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಕೆಳಗೆ ಕಾರಣ ಬರೆಯಲು ಎರಡು ಗೆರೆಗಳ ಜಾಗವನ್ನೂ ಬಿಟ್ಟಿದ್ದರು.

ಮೂರನೆಯ ಸಲ ನಾನು ಹೇಳಿದ್ದು ವಿಡಿಯೊದಲ್ಲಿ ಹೀಗೆ ಕೇಳುತ್ತದೆ. ದನಿ ಮೆತ್ತಗಿದೆ, ತರಗತಿಯಲ್ಲಿ ದಡ್ಡ ವಿದ್ಯಾರ್ಥಿಗೆ ಹೇಳುತ್ತಿದ್ದ ಹಾಗೆ.

"ಇಲ್ದಿರೆ ಅರ್ಜಿ ಬಿದ್ದ್ ಹೋತ್ತ್ ನಾಯ್ಕ್ರೆ. ಪದ ಎಲ್ಲಾ ನಿಮ್ಮೊಟ್ಟಿಗೇ ಹೋತ್ತ್. ಅದಾರೂ ಆತ್ತಾ ನಿಮ್ಗೆ?"

ದೂರದಲ್ಲಿ ಕೊಯ್ಲಿನ ಯಂತ್ರದ ಸದ್ದು. ಆಮೇಲೆ ನಾಯ್ಕರು ಕುರ್ಚಿ ಸರಿಸಿ ಎದ್ದ ಸದ್ದು.