ಹೊಸ್ತಿಲಲ್ಲಿ ಉಳಿದ ಕೆಂಪು

ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಈ ಪರದೇಶದಲ್ಲಿ ನಾವು ಮೊದಲಿಗೆ ಇದ್ದ ಮೆಡೋವೇಲ್‌ನ ಆ ಹಳೇ ಮನೆ ನೆನಪಾಗುತ್ತದೆ. ಇಂಗ್ಲೆಂಡಿನಿಂದ ಬಂದು ನೆಲೆಸಿದ ಯಾರೋ ತಮ್ಮೂರಿನ ಹಳ್ಳಿಮನೆಯನ್ನು ನೆನೆನೆನೆದು ಕಟ್ಟಿದ್ದ ಮನೆ. ಗಿಡ್ಡ ಬಾಗಿಲು, ಅಂಗೈಯಗಲದ ಗಾಜುಗಳನ್ನು ಕೂಡಿಸಿದ ಕಿಟಕಿ, ನಡುಮನೆಯಲ್ಲಿ ಇಟ್ಟಿಗೆಯ ದೊಡ್ಡ ಬೆಂಕಿಗೂಡು, ಕಾಲಿಟ್ಟರೆ ಗೊಣಗುವ ಮರದ ಮೆಟ್ಟಿಲು. ಮರಕ್ಕೆಲ್ಲ ಮನೆಯೊಡತಿ ಮುದುಕಿ ಪ್ರತಿ ಬೇಸಿಗೆಯಲ್ಲೂ ಅಗಸೆ ಎಣ್ಣೆ ತಿಕ್ಕಿಸುತ್ತಿದ್ದಳು. ಧಾರವಾಡದಿಂದ ಬಂದ ಹೊಸತರಲ್ಲಿ ಬಾಡಿಗೆ ಮನೆ ನೋಡಲು ಹೋದ ಅವ್ವ ಒಳಗೆ ಕಾಲಿಡುತ್ತಲೇ ಮೂಗರಳಿಸಿ, “ರೊಟ್ಟಿಗೆ ಹಚ್ಕೊಳ್ಳೋ ಅಗಸಿ ಹಿಂಡಿ ವಾಸನಿ ಬರ್ತೈತಿ ನೋಡ್ರಿ. ಇದಽ ಮನಿ ಇರ್ಲಿ” ಅಂದಳಂತೆ. ನಾನಾಗ ಅವಳ ಕಂಕುಳಲ್ಲಿದ್ದೆ.

ಅಪ್ಪ ಎತ್ತರದ ಆಳು, ದಿನಾ ತಲೆಬಾಗಿಲಿಗೆ ಹಣೆ ಬಡಿಸಿಕೊಳ್ಳುತ್ತಿದ್ದ. “ಬ್ರಿಟಿಷರು ಬಿಟ್ಟು ಹೋದ್ರೂ ತಲಿ ಬಗ್ಸೋದು ಮಾತ್ರ ತಪ್ಪಲಿಲ್ಲಲೇ” ಎಂದು ಹಣೆ ಉಜ್ಜಿಕೊಂಡು ನಗುತ್ತಿದ್ದ. ಅವ್ವನ ಜೀವವೆಲ್ಲ ಇದ್ದದ್ದು ಆ ಬಾಗಿಲ ಬುಡದಲ್ಲಿ, ತೋಳು ದಪ್ಪದ ಮರದ ಹೊಸ್ತಿಲಲ್ಲಿ. ಶುಕ್ರವಾರ ಅದನ್ನು ತೊಳೆದು ಅರಿಶಿನ ಬಳಿದು ಕುಂಕುಮ ಇಡುತ್ತಿದ್ದಳು. ಮೊದಲ ಸಲ ನೋಡಿದಾಗ ಮನೆಯೊಡತಿ, ಇದು ಇರುವೆ ಬಾರದಿರಲೆಂದೇನು ಎಂದು ಕೇಳಿದ್ದಳು. ಅವ್ವ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, “ಯೆಸ್ ಯೆಸ್, ಆಂಟ್ಸ್ ಆಲ್ಸೋ” ಅಂದಳು. ಆಮೇಲೆ ತಂಟೆಯಿಲ್ಲ. ಆದರೆ ನಾನೂ, ಟಪಾಲಿನವನೂ, ಮನೆಗೆ ಬಂದವರೆಲ್ಲರೂ ಹೊಸ್ತಿಲು ತುಳಿದೇ ಬರುತ್ತಿದ್ದೆವು. “ತುಳೀಬ್ಯಾಡ್ರವ್ವಾ, ದಾಟಿ ಬರ್ರಿ” ಎಂದು ಅವ್ವ ಹೇಳಿ ಹೇಳಿ ಸೋತಳು.

ಮನೆಯೊಡತಿ ತೀರಿಕೊಂಡಳು, ಮಕ್ಕಳು ಮನೆ ಮಾರಿದರು, ನಾವು ಮಾರ್ಕಮ್‌ನ ಹೊಸ ಮನೆಗೆ ಹೋದೆವು. ಅಲ್ಲಿ ಹೊಸ್ತಿಲಿನ ಜಾಗದಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿ. ಇಟ್ಟ ಕುಂಕುಮ ಸಂಜೆಯೊಳಗೆ ಉದುರಿಹೋಗುತ್ತಿತ್ತು. “ಹಿಡಕೊಳ್ಳಾಂಗಿಲ್ಲ ನೋಡು ಇದು” ಎಂದು ಬೆರಳಿನಿಂದ ಪಟ್ಟಿಯನ್ನು ಕೆರೆಯುತ್ತಿದ್ದಳು ಅವ್ವ. ಅವಳು ಹೋಗಿ ಈಗ ಎರಡು ಚಳಿಗಾಲವಾಯಿತು. ಅವಳ ಸೀರೆಗಳಿಗೂ ಅವಳ ವಾಸನೆ ಹೋಗಿ, ಮಡಿಸಿಟ್ಟ ಡ್ರಾಯರಿನ ವಾಸನೆಯೇ ಹತ್ತಿದೆ. ಅವಳ ಕೈಯ ಗುರುತು ಎಲ್ಲಾದರೂ ಉಳಿದಿದ್ದೀತೇ ಎಂದು ನಾನು ಹುಡುಕುತ್ತಲೇ ಇದ್ದೆ. ತಾಯಿಯನ್ನು ಕಳೆದುಕೊಂಡವರಿಗೆ ಈ ಹುಡುಕಾಟ ಗೊತ್ತು.

ಹಳೇ ಮನೆಯನ್ನು ಈಗ ಊರಿನವರು ಜೋಪಾನ ಮಾಡಿ, ಬೇಸಿಗೆಯಲ್ಲಿ ನೋಡಲು ಬಿಡುತ್ತಾರೆಂದು ತಿಳಿದು ಮಗಳನ್ನು ಕರೆದುಕೊಂಡು ಹೋದೆ. ಬಾಗಿಲಲ್ಲಿ ನಿಂತು ವಿವರಿಸುತ್ತಿದ್ದ ವಯಸ್ಸಾದ ಬಿಳಿಯ, ಬಾಡಿಗೆದಾರರು ಸೇರಿಸಿದ್ದನ್ನೆಲ್ಲ ಕೆರೆದು ತೆಗೆದಿದ್ದೇವೆ, ಮೂಲದ್ದು ಮಾತ್ರ ಉಳಿಸಿದ್ದೇವೆ ಎಂದ. ಆಮೇಲೆ ಬಗ್ಗಿ ಹೊಸ್ತಿಲು ತೋರಿಸಿದ. ಅರಿಶಿನ ಬಿಸಿಲಿಗೆ ಹಾರಿಹೋಗಿತ್ತು. ಮರದ ಸೀಳುಗಳಲ್ಲಿ ಕುಂಕುಮ ಮಾತ್ರ ಕೂತಿತ್ತು. ಇದು ಮನೆ ಕಟ್ಟಿದವರೇ ಬಳಿದ ಕೆಮ್ಮಣ್ಣಿನ ಬಣ್ಣ, ಬಹಳ ಅಪರೂಪದ್ದು ಎಂದ. ಮಗಳು ನನ್ನ ತೋಳು ಜಗ್ಗಿದಳು. “ಅಮ್ಮಾ, ಟೆಲ್ ಹಿಮ್. ದಟ್ಸ್ ಅಜ್ಜೀಸ್ ಕುಂಕುಮ.”

“ಸುಮ್ಕಿರು” ಅಂದೆ. ಹೇಳಿದರೆ ನಾಳೆ ಅದನ್ನೂ ಕೆರೆಯುತ್ತಾರೆ.

ದಯವಿಟ್ಟು ಯಾರೂ ತುಳಿಯಬೇಡಿ, ದಾಟಿ ಬನ್ನಿ ಎಂದು ಆತ ಕೇಳಿಕೊಂಡ. ಬೂಟು ಹಾಕಿದ ಮುದುಕರು, ಮಕ್ಕಳನ್ನು ಎತ್ತಿಕೊಂಡವರು, ಎಲ್ಲರೂ ಒಬ್ಬರ ಹಿಂದೊಬ್ಬರು ಕಾಲೆತ್ತಿ ಹೊಸ್ತಿಲು ದಾಟಿದರು. ನನಗೆ ಅಳು ಬಂತು, ನಗುವೂ ಬಂತು. ಕೊನೆಗೆ ನಾನು ಬಗ್ಗಿ ಆ ಕೆಂಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ದಾಟಿದೆ. ಒಳಗೆ ಅಗಸೆ ಎಣ್ಣೆಯ ವಾಸನೆ ಇತ್ತು. ದಾಟಿ ಬಂದೆನೆಂದು ನೋಡಲು ಅವ್ವ ಇರಲಿಲ್ಲ.